ಪ್ರೋಗ್ರಾಮಿಗೆಷ್ಟು, ಸರ್ಕ್ಯೂಟಿಗೆಷ್ಟು: ಕಾಯಿಲ್ ಸುತ್ತುವ ಯಂತ್ರದ ಮೂಲಕ ಒಂದು ಸಮಗ್ರ ಮಾರ್ಗದರ್ಶಿ

ಸಣ್ಣ ಟ್ರಾನ್ಸ್‌ಫಾರ್ಮರ್‌ಗಳ ಬಾಬಿನ್‌ಗೆ ತಾಮ್ರದ ತಂತಿ ಸುತ್ತುವ ಯಂತ್ರವೊಂದಕ್ಕೆ ಕೆಲವು ವರ್ಷಗಳ ಹಿಂದೆ ನಾನು ಕಂಟ್ರೋಲರ್ ಬೋರ್ಡ್ ಮಾಡಿಕೊಟ್ಟಿದ್ದೆ. ನನ್ನ ಮೇಜಿನ ಮೇಲೆ ಅದು ಲೆಕ್ಕ ತಪ್ಪದೆ ಓಡಿತು. ವರ್ಕ್‌ಶಾಪಿಗೆ ಹೋದ ಎರಡನೇ ವಾರದಲ್ಲಿ, ಸಾವಿರ ಸುತ್ತು ಎಂದು ಸೆಟ್ ಮಾಡಿದರೆ ಯಂತ್ರವು ನಾಲ್ಕೈದು ಸುತ್ತು ಹೆಚ್ಚು ಸುತ್ತುತ್ತಿದೆ ಎಂಬ ದೂರು ಬಂತು. ಡಿಸ್‌ಪ್ಲೇ ಮಾತ್ರ ಪ್ರತಿ ಸಲವೂ ಸರಿಯಾಗಿ 1000 ಎಂದೇ ತೋರಿಸುತ್ತಿತ್ತು. ನನಗೆ ನಂಬಿಕೆ ಬರಲಿಲ್ಲ. ವರ್ಕ್‌ಶಾಪಿನ ಹಿರಿಯ ಕೆಲಸಗಾರರೊಬ್ಬರು ಒಂದು ಕಾಯಿಲನ್ನು ಹಳೆಯ ಕೈಯಂತ್ರಕ್ಕೆ ಸಿಕ್ಕಿಸಿ, ಅದರ ಮೆಕ್ಯಾನಿಕಲ್ ಕೌಂಟರನ್ನು ಸೊನ್ನೆಗೆ ತಿರುಗಿಸಿ, ನನ್ನ ಕಣ್ಣೆದುರೇ ತಂತಿಯನ್ನು ಪೂರ್ತಿ ಬಿಚ್ಚಿದರು. ಕೌಂಟರ್ 1004ಕ್ಕೆ ಬಂದು ನಿಂತಿತು.

ತಪ್ಪು ಎಲ್ಲಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ. ಆ ಬೋರ್ಡನ್ನು ಎರಡನೇ ಸಲ ಮಾಡುವಾಗ, ಯಾವ ಕೆಲಸವನ್ನು ಪ್ರೋಗ್ರಾಮಿಗೆ ವಹಿಸಬೇಕು, ಯಾವುದನ್ನು ಸರ್ಕ್ಯೂಟಿಗೆ ವಹಿಸಬೇಕು ಎಂದು ತೀರ್ಮಾನಿಸಲು ನಾನು ಅನುಸರಿಸಿದ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಯುದ್ದಕ್ಕೂ ಇದೇ ಯಂತ್ರ ಇರುತ್ತದೆ: ಸ್ಪಿಂಡಲ್ ತಿರುಗಿಸಲು 24 ವೋಲ್ಟ್ ಡಿಸಿ ಮೋಟಾರ್, ಸುತ್ತು ಎಣಿಸಲು ಪ್ರತಿ ಸುತ್ತಿಗೆ 600 ಪಲ್ಸ್ ಕೊಡುವ ಎನ್‌ಕೋಡರ್, ತಂತಿಯನ್ನು ಅಡ್ಡಡ್ಡಲಾಗಿ ಸರಿಸುತ್ತಾ ಒಂದರ ಪಕ್ಕ ಒಂದು ಕೂರಿಸಲು ಸ್ಟೆಪ್ಪರ್ ಮೋಟಾರ್, ಕೀಪ್ಯಾಡ್, ಎರಡು ಸಾಲಿನ ಅಕ್ಷರ ಡಿಸ್‌ಪ್ಲೇ, ಕಾಲಿನಿಂದ ಒತ್ತುವ ಪೆಡಲ್, ಮುಚ್ಚಳದ ಸ್ವಿಚ್, ಎಮರ್ಜೆನ್ಸಿ ಬಟನ್. ಮೈಕ್ರೋಕಂಟ್ರೋಲರ್ ಎಸ್‌ಟಿಎಂ32ಎಫ್103, ಅದರ ಗಡಿಯಾರ 72 ಮೆಗಾಹರ್ಟ್ಸ್. ಚಿಪ್ ಹಳೆಯದಾದರೂ ಇಲ್ಲಿ ಬರುವ ವಿಚಾರಗಳೆಲ್ಲ ಹೊಸ ಚಿಪ್‌ಗಳಿಗೂ ಹಾಗೆಯೇ ಅನ್ವಯಿಸುತ್ತವೆ.

ಹಂತ 1: ಕೆಲಸಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ

"ಇದನ್ನು ಸಾಫ್ಟ್‌ವೇರ್‌ನಲ್ಲಿ ಮಾಡಲು ಸಾಧ್ಯವೇ?" ಎಂಬ ಪ್ರಶ್ನೆಯಿಂದ ಹೊರಟರೆ ದಾರಿ ತಪ್ಪುತ್ತದೆ, ಏಕೆಂದರೆ ಅದಕ್ಕೆ ಉತ್ತರ ಬಹುಪಾಲು "ಸಾಧ್ಯ" ಎಂದೇ ಇರುತ್ತದೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ಕೆಲಸ ಸೆಕೆಂಡಿಗೆ ಎಷ್ಟು ಸಲ ಬರುತ್ತದೆ? ಬಂದಾಗ ಎಷ್ಟು ತಡವಾದರೆ ನಡೆಯುತ್ತದೆ? ಪ್ರೊಸೆಸರ್ ನಿಂತೇ ಹೋದರೆ ಈ ಕೆಲಸದ ಗತಿಯೇನು? ಮೊದಲೆರಡಕ್ಕೆ ಉತ್ತರ ಅಂಕಿಯಲ್ಲಿರಬೇಕು; "ಬೇಗ", "ತಕ್ಷಣ" ಎಂದು ಬರೆದಿಟ್ಟರೆ ಪ್ರಯೋಜನವಿಲ್ಲ. ಮೂರನೆಯದಕ್ಕೆ ಉತ್ತರ ವಾಕ್ಯದಲ್ಲಿ ಇರಲಿ: "ಡಿಸ್‌ಪ್ಲೇ ಹೆಪ್ಪುಗಟ್ಟುತ್ತದೆ", "ಮಾಸ್‌ಫೆಟ್ (ಮೋಟಾರಿಗೆ ಕರೆಂಟ್ ಕೊಡುವ, ಕಡಿಯುವ ಟ್ರಾನ್ಸಿಸ್ಟರ್) ಸುಡುತ್ತದೆ", "ಬೆರಳು ಸಿಕ್ಕಿಕೊಳ್ಳುತ್ತದೆ". ಈ ಮೂರು ಉತ್ತರಗಳು ಒಂದೇ ತೂಕದವಲ್ಲ ಎಂಬುದು ಬರೆಯುವಾಗಲೇ ಮನಸ್ಸಿಗೆ ಬರುತ್ತದೆ.

ಇಲ್ಲಿಯೇ ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಬೇಕು. ಹಾರ್ಡ್‌ವೇರ್ ಎಂದೊಡನೆ ಬೋರ್ಡಿನ ಮೇಲೆ ಗೇಟ್‌ಗಳನ್ನು ಸಾಲಾಗಿ ಕೂರಿಸಬೇಕೆಂದೇನೂ ಇಲ್ಲ. ಒಂದು ತರ್ಕವನ್ನು ಇಡಲು ನಾಲ್ಕು ಜಾಗಗಳಿವೆ: ಬರೀ ವೈರ್, ಸ್ವಿಚ್, ರಿಲೇಗಳಲ್ಲಿ ಇಡಬಹುದು, ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವುದು), ಗೇಟ್ ಡ್ರೈವರ್‌ (ಮಾಸ್‌ಫೆಟ್‌ಗಳನ್ನು ಆಡಿಸುವುದು) ಇಂಥ ಪ್ರತ್ಯೇಕ ಐಸಿಗಳಲ್ಲಿ ಇಡಬಹುದು, ಮೈಕ್ರೋಕಂಟ್ರೋಲರ್ ಒಳಗೇ ಇರುವ ಟೈಮರ್, ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ಡೇಟಾ ಸಾಗಿಸುವುದು) ಇಂಥ ಉಪಘಟಕಗಳಲ್ಲಿ ಇಡಬಹುದು, ಪ್ರೋಗ್ರಾಮಿನಲ್ಲಿಯೂ ಇಡಬಹುದು. ಮೂರನೆಯ ಜಾಗಕ್ಕೆ ನೀವು ಈಗಾಗಲೇ ಚಿಪ್‌ನ ಬೆಲೆಯಲ್ಲಿಯೇ ಹಣ ಕೊಟ್ಟಿದ್ದೀರಿ. ಆದರೂ ನಾನು ಕಂಡ ಎಷ್ಟೋ ಬೋರ್ಡ್‌ಗಳಲ್ಲಿ ಅದು ಖಾಲಿ ಬಿದ್ದಿರುತ್ತದೆ. ಕಾರಣ ಸರಳ: ಆ ಟೈಮರ್‌ಗಳ ಅಧ್ಯಾಯ ಕೈಪಿಡಿಯಲ್ಲಿ ಬಹಳ ಉದ್ದವಾಗಿದೆ.

ಹಂತ 2: ಗಡಿಯಾರದ ಸೈಕಲ್‌ಗಳಲ್ಲಿ ಲೆಕ್ಕ ಹಾಕಿ

ಎನ್‌ಕೋಡರನ್ನೇ ತೆಗೆದುಕೊಳ್ಳೋಣ. ಅದರಿಂದ ಎ ಮತ್ತು ಬಿ ಎಂಬ ಎರಡು ತರಂಗಗಳು ಕಾಲು ಸೈಕಲ್‌ನಷ್ಟು ಹಿಂದುಮುಂದಾಗಿ ಬರುತ್ತವೆ. ಎರಡರ ಏರುವ ಮತ್ತು ಇಳಿಯುವ ಎಡ್ಜ್‌ಗಳನ್ನೆಲ್ಲ ಎಣಿಸಿದರೆ ಒಂದು ಸುತ್ತಿಗೆ 600ರ ನಾಲ್ಕು ಪಟ್ಟು, ಅಂದರೆ 2400 ಎಣಿಕೆ. ಸ್ಪಿಂಡಲ್‌ನ ಗರಿಷ್ಠ ವೇಗ ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 50. ಹಾಗಾದರೆ ಸೆಕೆಂಡಿಗೆ 1,20,000 ಎಡ್ಜ್‌ಗಳು. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ 8.33 ಮೈಕ್ರೋಸೆಕೆಂಡ್.

72 ಮೆಗಾಹರ್ಟ್ಸ್‌ನಲ್ಲಿ 8.33 ಮೈಕ್ರೋಸೆಕೆಂಡ್ ಎಂದರೆ 600 ಸೈಕಲ್. ಈ ಚಿಪ್‌ನೊಳಗಿನ ಕಾರ್ಟೆಕ್ಸ್-ಎಂ3 ಪ್ರೊಸೆಸರ್ ಇಂಟರಪ್ಟ್‌ಗೆ (ನಡೆಯುತ್ತಿರುವ ಕೆಲಸ ಬಿಟ್ಟು ತುರ್ತು ಕೆಲಸಕ್ಕೆ ಹೊರಳುವುದಕ್ಕೆ) ಪ್ರವೇಶಿಸಲು ಅತಿ ಕಡಿಮೆ ಎಂದರೂ 12 ಸೈಕಲ್ ಬೇಕು. ಹೊರಬರಲು ಹೆಚ್ಚುಕಡಿಮೆ ಅಷ್ಟೇ. ಒಳಗೆ ಎರಡು ಪಿನ್ ಓದಿ, ಹಿಂದಿನ ಸ್ಥಿತಿಯೊಂದಿಗೆ ಹೋಲಿಸಿ, ಕೂಡುವುದೋ ಕಳೆಯುವುದೋ ಎಂದು ತೀರ್ಮಾನಿಸಲು ಮೂವತ್ತು ನಲವತ್ತು ಸೈಕಲ್. ಒಟ್ಟು ಅರವತ್ತರ ಆಸುಪಾಸು. ಪ್ರೊಸೆಸರ್‌ನ ಸಮಯದಲ್ಲಿ ಶೇಕಡ 10. ಇದೇ ಕೆಲಸವನ್ನು 16 ಮೆಗಾಹರ್ಟ್ಸ್‌ನ ಎಟಿಮೆಗಾ328ಪಿ ಎಂಬ ಸಣ್ಣ ಮೈಕ್ರೋಕಂಟ್ರೋಲರ್‌ಗೆ ಕೊಟ್ಟರೆ ಎರಡು ಎಡ್ಜ್‌ಗಳ ನಡುವೆ ಸಿಗುವುದು ಬರೀ 133 ಸೈಕಲ್. ಅದರಲ್ಲಿ ಅರ್ಧಕ್ಕೆ ಹತ್ತಿರ ಎಣಿಕೆಗೇ ಮೀಸಲಾಗುತ್ತದೆ. ಇನ್ನು ಯಾರೋ "ನಿಖರತೆ ಹೆಚ್ಚಲಿ" ಎಂದು 2500 ಪಲ್ಸ್‌ನ ಎನ್‌ಕೋಡರ್ ತಂದು ಜೋಡಿಸಿದರೆ ಎಡ್ಜ್‌ಗಳ ಅಂತರ 2 ಮೈಕ್ರೋಸೆಕೆಂಡ್‌ಗೆ ಇಳಿಯುತ್ತದೆ. ಆಗ ಎಟಿಮೆಗಾಗೆ ಉಳಿಯುವುದು 32 ಸೈಕಲ್. ಅಷ್ಟರಲ್ಲಿ ರಿಜಿಸ್ಟರ್‌ಗಳನ್ನು (ಚಿಪ್ ಒಳಗಿನ ಪುಟ್ಟ ನೆನಪಿನ ಕೋಶಗಳನ್ನು) ಎತ್ತಿಟ್ಟು ಮರಳಿ ತುಂಬುವುದೇ ಮುಗಿಯುವುದಿಲ್ಲ.

ಇಂಥ ಲೆಕ್ಕಕ್ಕೆ ಒಂದು ಕಾಗದ, ಐದು ನಿಮಿಷ ಸಾಕು. ಸುಮ್ಮನೆ ಒಂದು ರೂಢಿಯಾಗಿ, ಒಂದೇ ಇಂಟರಪ್ಟ್ ಪ್ರೊಸೆಸರ್‌ನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಿನ್ನುತ್ತದೆ ಎಂದಾದರೆ ನಾನು ಆ ಕೆಲಸವನ್ನು ಹಾರ್ಡ್‌ವೇರ್‌ಗೆ ಒಯ್ಯಲು ನೋಡುತ್ತೇನೆ. ಈ ಹತ್ತು ಎಂಬುದು ಯಾವ ಶಾಸ್ತ್ರದಲ್ಲಿಯೂ ಇಲ್ಲ. ಅನುಭವದಿಂದ ಕೈಗೆ ಕೂತ ಅಂಕಿ. ಮೊದಲ ಬೋರ್ಡಿನಲ್ಲಿ ನನ್ನ ಲೆಕ್ಕ ಸರಿಯಾಗಿ ಹತ್ತಕ್ಕೆ ಬಂದಿತ್ತು, ಹಾಗಾಗಿ ಪರವಾಗಿಲ್ಲ ಎಂದು ಮುಂದೆ ಹೋದೆ.

ಹಂತ 3: ಸರಾಸರಿಯನ್ನು ಬಿಡಿ, ಅತಿ ಕೆಟ್ಟ ಗಳಿಗೆಯನ್ನು ಹುಡುಕಿ

ಎಡವಿದ್ದು ಇಲ್ಲಿ. ಶೇಕಡ 10 ಎಂಬುದು ಸರಾಸರಿ. ಸಾಫ್ಟ್‌ವೇರ್ ಎಣಿಕೆ ತಪ್ಪದಿರಲು ಬೇಕಾದ ನಿಯಮವೇ ಬೇರೆ: ಇಂಟರಪ್ಟ್‌ಗಳು ಮುಚ್ಚಿರುವ ಅತಿ ದೀರ್ಘ ಅವಧಿಯು ಎರಡು ಎಡ್ಜ್‌ಗಳ ನಡುವಿನ ಅತಿ ಚಿಕ್ಕ ಅಂತರಕ್ಕಿಂತ ಕಡಿಮೆ ಇರಬೇಕು.

ನಮ್ಮ ಡಿಸ್‌ಪ್ಲೇ ಎಚ್‌ಡಿ44780 ಮಾದರಿಯದು. ಒಂದು ಅಕ್ಷರ ಬರೆದ ಮೇಲೆ ಅದಕ್ಕೆ ಸುಮಾರು 37 ಮೈಕ್ರೋಸೆಕೆಂಡ್ ಬಿಡುವು ಕೊಡಬೇಕು. ಡಿಸ್‌ಪ್ಲೇಯ ವೈರ್‌ಗಳು ಮತ್ತು ಇನ್ನಾವುದೋ ಔಟ್‌ಪುಟ್ ಒಂದೇ ಪೋರ್ಟ್‌ನಲ್ಲಿ (ಒಟ್ಟಿಗೆ ಓದಿ ಬರೆಯುವ ಪಿನ್‌ಗಳ ಗುಂಪಿನಲ್ಲಿ) ಇದ್ದವು. ಪೋರ್ಟನ್ನು ಓದಿ, ತಿದ್ದಿ, ಮರಳಿ ಬರೆಯುವ ನಡುವೆ ಇಂಟರಪ್ಟ್ ನುಗ್ಗಿ ಕೆಡಿಸಬಾರದೆಂದು ನಾನು ಅಷ್ಟು ಹೊತ್ತು ಇಂಟರಪ್ಟ್‌ಗಳನ್ನು ಮುಚ್ಚಿದ್ದೆ. ಅದು ತಪ್ಪಲ್ಲ. ಆದರೆ ಡಿಸ್‌ಪ್ಲೇಯ ಬಿಡುವಿಗೆಂದು ಇಟ್ಟ 40 ಮೈಕ್ರೋಸೆಕೆಂಡ್‌ನ ಕಾಯುವಿಕೆಯೂ ಮುಚ್ಚಿದ ಭಾಗದ ಒಳಗೇ ಸೇರಿಕೊಂಡಿತ್ತು. ಪೂರ್ಣ ವೇಗದಲ್ಲಿ ಅಷ್ಟರೊಳಗೆ ನಾಲ್ಕೈದು ಎಡ್ಜ್‌ಗಳು ಬಂದು ಹೋಗುತ್ತವೆ. ಚಿಪ್ ಮಾತ್ರ ಪ್ರತಿ ಪಿನ್‌ಗೆ "ಏನೋ ಬಂದಿತ್ತು" ಎಂಬ ಒಂದೇ ಗುರುತನ್ನು ಇಟ್ಟುಕೊಳ್ಳುತ್ತದೆ, ಎಷ್ಟು ಬಂದಿದ್ದವು ಎಂಬುದನ್ನು ಅಲ್ಲ. ಅಕ್ಷರವೊಂದಕ್ಕೆ ಮೂರು ಎಣಿಕೆ ಕಳೆದುಹೋಯಿತೆನ್ನಿ. 32 ಅಕ್ಷರ, ಸೆಕೆಂಡಿಗೆ ಐದು ಸಲ ಎಂದರೆ 480 ಎಣಿಕೆ, ಅಂದರೆ ಸುತ್ತಿನ ಐದನೇ ಒಂದು ಭಾಗ. ಸಾವಿರ ಸುತ್ತಿಗೆ 20 ಸೆಕೆಂಡ್ ಬೇಕು. ಐದನೇ ಒಂದರ ಇಪ್ಪತ್ತು ಪಟ್ಟು ನಾಲ್ಕು. ಹಳೆಯ ಕೈಯಂತ್ರ ಹೇಳಿದ್ದೂ ಅದನ್ನೇ.

ನನ್ನ ಮೇಜಿನ ಮೇಲೆ ಏಕೆ ತಪ್ಪಲಿಲ್ಲ? ನಾನು ಭಯದಿಂದ ನಿಮಿಷಕ್ಕೆ 300 ಸುತ್ತಿನಲ್ಲಿ ಪರೀಕ್ಷಿಸಿದ್ದೆ. ಆ ವೇಗದಲ್ಲಿ ಎಡ್ಜ್‌ಗಳ ಅಂತರ 83 ಮೈಕ್ರೋಸೆಕೆಂಡ್. 40ರ ಮುಚ್ಚುವಿಕೆ ಅದರೊಳಗೆ ಆರಾಮವಾಗಿ ಅಡಗಿಕೊಳ್ಳುತ್ತದೆ.

ಆದುದರಿಂದ ಈ ಹಂತದಲ್ಲಿ ಮಾಡಬೇಕಾದ್ದು ಇಷ್ಟು: ಖಾಲಿ ಪಿನ್ ಒಂದನ್ನು ಆರಿಸಿಕೊಂಡು, ಇಂಟರಪ್ಟ್ ಮುಚ್ಚುವಾಗ ಅದನ್ನು ಮೇಲೆತ್ತಿ, ತೆರೆಯುವಾಗ ಇಳಿಸಿ, ಆಸಿಲೋಸ್ಕೋಪ್‌ನಲ್ಲಿ ಹಳೆಯ ಗೆರೆಗಳು ಅಳಿಯದಂತೆ ಇಟ್ಟು ಯಂತ್ರವನ್ನು ಅರ್ಧ ಗಂಟೆ ಓಡಿಸಿ, ಕಂಡ ಅತಿ ಅಗಲದ ಪಲ್ಸನ್ನು ಬರೆದಿಟ್ಟುಕೊಳ್ಳಿ. ನೀವು ಬರೆಯದ ಲೈಬ್ರರಿಗಳೂ ಇಂಟರಪ್ಟ್ ಮುಚ್ಚುತ್ತವೆ, ಆದುದರಿಂದ ಕೋಡ್ ಓದಿ ಸಮಾಧಾನಪಟ್ಟುಕೊಳ್ಳಬೇಡಿ. ಅಂದಹಾಗೆ, ಪೋರ್ಟಿನ ಆ ಮೂಲ ತೊಂದರೆಗೂ ಈ ಚಿಪ್‌ನಲ್ಲಿ ಹಾರ್ಡ್‌ವೇರ್ ಮದ್ದು ಇತ್ತು. ಒಂದೇ ಬರಹದಲ್ಲಿ ಬೇಕಾದ ಪಿನ್‌ಗಳನ್ನಷ್ಟೇ ಏರಿಸುವ, ಇಳಿಸುವ ಪ್ರತ್ಯೇಕ ರಿಜಿಸ್ಟರ್ ಇದೆ. ಅದನ್ನು ಬಳಸಿದರೆ ಇಂಟರಪ್ಟ್ ಮುಚ್ಚುವ ಅಗತ್ಯವೇ ಬೀಳುವುದಿಲ್ಲ.

ಹಂತ 4: ವೇಗದ ಕೆಲಸವನ್ನು ಸೀಳಿ, ಎಣಿಕೆ ಟೈಮರ್‌ಗೆ, ಅರ್ಥ ಪ್ರೋಗ್ರಾಮಿಗೆ

ಕಾಯುವಿಕೆಯನ್ನು ಹೊರಗೆ ಹಾಕಿ ಆ ದೋಷವನ್ನು ಸರಿಪಡಿಸಬಹುದಿತ್ತು. ಆದರೆ ಆಗಲೂ ಎಣಿಕೆಯ ಸತ್ಯಾಸತ್ಯತೆ ಪ್ರೋಗ್ರಾಮಿನ ಉಳಿದೆಲ್ಲ ಸಾಲುಗಳ ನಡವಳಿಕೆಗೆ ಕಟ್ಟುಬಿದ್ದೇ ಇರುತ್ತದೆ. ಮುಂದೆ ಯಾರೋ ಇನ್ನೊಬ್ಬರು ಬಂದು ಒಂದು ಸಾಲು ಸೇರಿಸಿದರೆ ಮತ್ತೆ ಅದೇ ಕಥೆ. ಎಸ್‌ಟಿಎಂ32ರ ಟೈಮರ್‌ಗಳಲ್ಲಿ ಎನ್‌ಕೋಡರ್ ಮೋಡ್ ಎಂಬುದೊಂದಿದೆ. ಎ ಮತ್ತು ಬಿ ವೈರ್‌ಗಳನ್ನು ಒಂದು ಟೈಮರ್‌ನ ಮೊದಲ ಎರಡು ಚಾನೆಲ್‌ಗಳಿಗೆ ಕೊಟ್ಟರೆ, ಪ್ರೊಸೆಸರ್ ಒಂದು ಸೈಕಲ್ಲನ್ನೂ ವ್ಯಯಿಸದೆ ಕೌಂಟರ್ ತಾನೇ ಏರುತ್ತದೆ, ಇಳಿಯುತ್ತದೆ.

ಆ ಕೌಂಟರ್ 16 ಬಿಟ್‌ನದು. 65,536 ಎಣಿಕೆಗೆ, ಅಂದರೆ 27 ಸುತ್ತು ಚಿಲ್ಲರೆಗೆ ಅದು ಮತ್ತೆ ಸೊನ್ನೆಗೆ ಮರಳುತ್ತದೆ. ಸಾವಿರಾರು ಸುತ್ತುಗಳನ್ನು ಲೆಕ್ಕವಿಡುವುದು ಪ್ರೋಗ್ರಾಮಿನ ಕೆಲಸ. ಇಲ್ಲಿ ಹೆಚ್ಚಿನವರು ತುಂಬಿ ಹರಿದಾಗ ಬರುವ ಇಂಟರಪ್ಟ್‌ನಲ್ಲಿ ಇನ್ನೊಂದು ಎಣಿಕೆಯನ್ನು ಹೆಚ್ಚಿಸುತ್ತಾರೆ. ಬೇಡ. ಸ್ಪಿಂಡಲ್ ಆ ಗಡಿಯಲ್ಲಿಯೇ ನಿಂತು ಅಲ್ಲಾಡಿದರೆ, ಅಥವಾ ಎರಡು ಎಣಿಕೆಗಳನ್ನು ಓದುವ ನಡುವೆಯೇ ಗಡಿ ದಾಟಿದರೆ, 27 ಸುತ್ತು ಒಮ್ಮೆಲೇ ಹೆಚ್ಚೋ ಕಡಿಮೆಯೋ ಆಗುತ್ತದೆ. ಅದರ ಬದಲು ಪ್ರತಿ ಮಿಲಿಸೆಕೆಂಡಿಗೆ ಕೌಂಟರನ್ನು ಓದಿ, ಅದರಿಂದ ಹಿಂದಿನ ಓದನ್ನು ಕಳೆದು, ಬಂದ ವ್ಯತ್ಯಾಸವನ್ನು 16 ಬಿಟ್‌ನ ಚಿಹ್ನೆಯುಳ್ಳ ಸಂಖ್ಯೆಯಾಗಿ ಪರಿಗಣಿಸಿ, 32 ಬಿಟ್‌ನ ಮೊತ್ತಕ್ಕೆ ಕೂಡಿಸಿ. ಎರಡು ಓದುಗಳ ನಡುವೆ 32,768 ಎಣಿಕೆ ಮೀರದಿದ್ದರೆ ಉತ್ತರ ಯಾವಾಗಲೂ ಸರಿ. ಪೂರ್ಣ ವೇಗದಲ್ಲಿ ಅಷ್ಟಾಗಲು 273 ಮಿಲಿಸೆಕೆಂಡ್ ಬೇಕು. ಗಮನಿಸಿ: 8 ಮೈಕ್ರೋಸೆಕೆಂಡ್ ತಡವಾದರೆ ಕೆಡುತ್ತಿದ್ದ ಕೆಲಸವು ಈಗ ಕಾಲು ಸೆಕೆಂಡ್ ತಡವಾದರೂ ಕೆಡುವುದಿಲ್ಲ. ಹಾರ್ಡ್‌ವೇರ್‌ಗೆ ಒಯ್ಯುವುದರ ನಿಜವಾದ ಲಾಭ ಇದು. ಉಳಿದ ಪ್ರೊಸೆಸರ್ ಸಮಯ ಅದರ ಮೇಲಿನ ಕೊಸರು.

ಟೈಮರ್‌ನ ಒಳಬಾಗಿಲಲ್ಲಿ ಒಂದು ಫಿಲ್ಟರ್ ಕೂಡ ಇದೆ. ನಿಗದಿತ ಸಂಖ್ಯೆಯ ಮಾದರಿಗಳು ಒಂದೇ ಆಗಿ ಬಂದರೆ ಮಾತ್ರ ಎಡ್ಜನ್ನು ಒಪ್ಪುತ್ತದೆ. ಮೋಟಾರ್ ಕೇಬಲ್ ಪಕ್ಕದಲ್ಲಿ ಎನ್‌ಕೋಡರ್ ವೈರ್ ಹಾದುಹೋಗುವ ಯಂತ್ರದಲ್ಲಿ ಇದು ಬಹಳ ಉಪಯುಕ್ತ. ಆದರೆ ಅದನ್ನು ಗರಿಷ್ಠಕ್ಕೆ ತಿರುಗಿಸಿಡುವ ಮುನ್ನ ಮತ್ತೆ ಲೆಕ್ಕ ಹಾಕಿ. ಗರಿಷ್ಠದಲ್ಲಿ ಅದು 256 ಸೈಕಲ್, ಅಂದರೆ 3.56 ಮೈಕ್ರೋಸೆಕೆಂಡ್ ಕಾಯುತ್ತದೆ. ನಮ್ಮ 8.33ರ ಅಂತರಕ್ಕೆ ನಡೆಯುತ್ತದೆ. 2500 ಪಲ್ಸ್‌ನ ಎನ್‌ಕೋಡರ್ ಹಾಕಿದ್ದರೆ ನಿಜವಾದ ಎಡ್ಜ್‌ಗಳನ್ನೂ ಕೆಡಿಸುವ ಅಪಾಯವಿತ್ತು. ನಾನು 64 ಸೈಕಲ್‌ಗೆ, ಅಂದರೆ 0.9 ಮೈಕ್ರೋಸೆಕೆಂಡ್‌ಗೆ ಇಟ್ಟಿದ್ದೇನೆ.

ಹಂತ 5: ತಪ್ಪಿದರೆ ಸುಡುವಂಥದ್ದನ್ನು ಪ್ರೋಗ್ರಾಮಿನ ಕೈಗೆ ಕೊಡಬೇಡಿ

ಸ್ಪಿಂಡಲ್ ಮೋಟಾರನ್ನು ಎರಡು ಮಾಸ್‌ಫೆಟ್‌ಗಳು ನಡೆಸುತ್ತವೆ. ಮೇಲಿನದು 24 ವೋಲ್ಟನ್ನು ಮೋಟಾರಿಗೆ ಕೊಡುತ್ತದೆ. ಕೆಳಗಿನದು ಮೋಟಾರಿನ ತುದಿಯನ್ನು ನೆಲಕ್ಕೆ ಎಳೆದು ಬ್ರೇಕ್ ಹಾಕುತ್ತದೆ. ಎರಡೂ ಒಂದೇ ಕ್ಷಣ ತೆರೆದುಕೊಂಡರೆ (ಅಂದರೆ ಕರೆಂಟ್ ಹರಿಯಬಿಟ್ಟರೆ) 24 ವೋಲ್ಟ್‌ಗೂ ನೆಲಕ್ಕೂ ನೇರ ದಾರಿಯಾಗಿ ಎರಡೂ ಹೊಗೆಯಾಡುತ್ತವೆ. ಹಾಗಾಗದಂತೆ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವ ನಡುವೆ ಅರ್ಧ ಮೈಕ್ರೋಸೆಕೆಂಡ್‌ನಷ್ಟು ಬಿಡುವು ಬೇಕು. ಇದನ್ನೇ ಡೆಡ್ ಟೈಮ್ ಎನ್ನುತ್ತಾರೆ.

ಪ್ರೋಗ್ರಾಮಿನಲ್ಲಿ ಎರಡು ಪಿನ್‌ಗಳ ನಡುವೆ ಕೆಲವು ಖಾಲಿ ಸೂಚನೆಗಳನ್ನು ತುರುಕಿ ಡೆಡ್ ಟೈಮ್ ಮಾಡಿದವರನ್ನು ಕಂಡಿದ್ದೇನೆ. ಒಮ್ಮೆ ನಾನೂ ಮಾಡಿದ್ದೇನೆ. ಕಂಪೈಲರ್‌ನ (ಬರೆದ ಪ್ರೋಗ್ರಾಮನ್ನು ಚಿಪ್‌ನ ಸೂಚನೆಗಳಿಗೆ ತಿರುಗಿಸುವ ಸಾಧನದ) ಆಪ್ಟಿಮೈಸೇಶನ್ ಬದಲಿಸಿದ ದಿನ ಆ ಸೂಚನೆಗಳ ಅಳತೆ ಬದಲಾಗುತ್ತದೆ, ಅಂದು ಸಂಜೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿಗೆ ಹೋಗಿ ಹೊಸ ಮಾಸ್‌ಫೆಟ್ ತರಬೇಕಾಗುತ್ತದೆ. ಎಸ್‌ಟಿಎಂ32ರ ಟೈಮರ್ 1 ಒಂದಕ್ಕೊಂದು ವಿರುದ್ಧವಾದ ಜೋಡಿ ಔಟ್‌ಪುಟ್‌ಗಳನ್ನು ಕೊಟ್ಟು, ನಡುವೆ ಡೆಡ್ ಟೈಮನ್ನು ತಾನೇ ಸೇರಿಸುತ್ತದೆ. 72 ಮೆಗಾಹರ್ಟ್ಸ್‌ನಲ್ಲಿ ಒಂದು ಸೈಕಲ್ 13.9 ನ್ಯಾನೋಸೆಕೆಂಡ್, 36 ಎಂದು ಬರೆದರೆ ಸರಿಯಾಗಿ 500 ನ್ಯಾನೋಸೆಕೆಂಡ್. ಇನ್ನೂ ಒಳ್ಳೆಯ ಸಂಗತಿಯೆಂದರೆ ಅದೇ ರಿಜಿಸ್ಟರ್‌ನಲ್ಲಿ ಬೀಗದ ಬಿಟ್‌ಗಳಿವೆ. ಅವನ್ನು ಒಮ್ಮೆ ಹಾಕಿದರೆ ಮುಂದಿನ ರೀಸೆಟ್‌ವರೆಗೆ ಆ 36ನ್ನು ಯಾವ ಪ್ರೋಗ್ರಾಮೂ, ಅಡ್ಡಾದಿಡ್ಡಿಯಾಗಿ ಓಡುವ ಪಾಯಿಂಟರ್ (ನೆನಪಿನ ತಪ್ಪು ಜಾಗವನ್ನು ತೋರಿಸುವ ವಿಳಾಸ) ಕೂಡ, ಬದಲಿಸಲಾರದು. ಅಂಥ ಟೈಮರ್ ಇಲ್ಲದ ಚಿಪ್ ಆದರೆ ಡೆಡ್ ಟೈಮನ್ನು ತನ್ನೊಳಗೇ ಹೊಂದಿರುವ ಗೇಟ್ ಡ್ರೈವರ್ ಐಸಿ ಕೊಳ್ಳಿ; ಐಆರ್2104 ಅಂಥದ್ದು, ಅದರಲ್ಲಿ ಸಾಮಾನ್ಯವಾಗಿ 520 ನ್ಯಾನೋಸೆಕೆಂಡ್ ಇರುತ್ತದೆ. ಐಆರ್2110ನಲ್ಲಿ ಇದಿಲ್ಲ, ಹೆಸರು ಹತ್ತಿರವಿದೆ ಎಂದು ಒಂದರ ಜಾಗಕ್ಕೆ ಇನ್ನೊಂದು ಹಾಕಬೇಡಿ.

ಅತಿಯಾದ ಕರೆಂಟಿನದೂ ಇದೇ ಜಾತಿಯ ಕೆಲಸ. ಎಡಿಸಿಯಿಂದ (ವೋಲ್ಟೇಜನ್ನು ಅಂಕಿಯಾಗಿಸುವ ಘಟಕದಿಂದ) ಓದಿ, ಹೆಚ್ಚಾಗಿದ್ದರೆ ನಿಲ್ಲಿಸುವುದು ಸುಲಭವೆನಿಸುತ್ತದೆ. 20 ಕಿಲೋಹರ್ಟ್ಸ್‌ನ ಪಿಡಬ್ಲ್ಯೂಎಂನ (ಮೋಟಾರಿನ ವೇಗ ಹಿಡಿತದಲ್ಲಿಡಲು ಕರೆಂಟನ್ನು ಬೇಗ ಬೇಗ ಕೊಟ್ಟು ಕಡಿಯುವ ಪಲ್ಸ್‌ಗಳ) ಪ್ರತಿ ಪಲ್ಸ್‌ಗೆ ಒಂದು ಓದು ಎಂದರೆ 50 ಮೈಕ್ರೋಸೆಕೆಂಡಿಗೊಮ್ಮೆ ನೋಡಿದಂತೆ. ಶಾರ್ಟ್ ಆದ ದಾರಿಯಲ್ಲಿ 20 ಮೈಕ್ರೋಹೆನ್ರಿ ಇಂಡಕ್ಟೆನ್ಸ್ (ಕರೆಂಟಿನ ಏರಿಕೆಯನ್ನು ನಿಧಾನಿಸುವ ಗುಣ) ಉಳಿದಿದೆ ಎಂದುಕೊಂಡರೆ, 24 ವೋಲ್ಟ್‌ನಲ್ಲಿ ಕರೆಂಟ್ ಪ್ರತಿ ಮೈಕ್ರೋಸೆಕೆಂಡಿಗೆ 1.2 ಆಂಪಿಯರ್ ಏರುತ್ತದೆ. ಎಡಿಸಿ ಕಣ್ಣು ಬಿಡುವಷ್ಟರಲ್ಲಿ 60 ಆಂಪಿಯರ್. ಕರೆಂಟ್ ಅಳೆಯುವ ರೆಸಿಸ್ಟರಿಗೆ ಎಲ್‌ಎಂ393ರಂಥ ಅಗ್ಗದ ಕಂಪ್ಯಾರೇಟರ್ ಜೋಡಿಸಿ, ಅದರ ಔಟ್‌ಪುಟ್ಟನ್ನು ಟೈಮರ್ 1ರ ಬ್ರೇಕ್ ಇನ್‌ಪುಟ್‌ಗೆ (ಔಟ್‌ಪುಟ್‌ಗಳನ್ನು ಒಡನೆಯೇ ಮುಚ್ಚುವ ಪಿನ್; ಮೋಟಾರಿನ ಬ್ರೇಕ್ ಅಲ್ಲ) ಕೊಟ್ಟರೆ ಒಂದೆರಡು ಮೈಕ್ರೋಸೆಕೆಂಡ್‌ನಲ್ಲಿ ಎರಡೂ ಮಾಸ್‌ಫೆಟ್ ಮುಚ್ಚುತ್ತವೆ. ಈ ಬ್ರೇಕ್ ಇನ್‌ಪುಟ್ ಚಿಪ್‌ನ ಗಡಿಯಾರ ನಿಂತಿದ್ದರೂ ಕೆಲಸ ಮಾಡುತ್ತದೆ. ಆಮೇಲೆ ಏನಾಯಿತೆಂದು ದಾಖಲಿಸುವುದು, ಡಿಸ್‌ಪ್ಲೇಯಲ್ಲಿ ತೋರಿಸುವುದು, ಮತ್ತೆ ಶುರುಮಾಡಲು ಅನುಮತಿ ಕೇಳುವುದು ಪ್ರೋಗ್ರಾಮಿನ ಪಾಲು. ತಾನಾಗಿಯೇ ಔಟ್‌ಪುಟ್ ಮರಳಿ ತೆರೆಯುವ ಬಿಟ್ಟೊಂದು ಅಲ್ಲಿದೆ, ಅದನ್ನು ಹಾಕಬೇಡಿ. ಹಾಕಿದರೆ ಕಂಪ್ಯಾರೇಟರ್ ಸುಮ್ಮನಾದ ಮರುಗಳಿಗೆಯೇ ಮೋಟಾರ್ ಯಾರನ್ನೂ ಕೇಳದೆ ತಿರುಗಲು ಶುರುಮಾಡುತ್ತದೆ.

ಹಂತ 6: ನಡುವಿನ ಕೆಲಸಗಳಿಗೆ ನಡುದಾರಿ

ತಂತಿ ಸರಿಸುವ ಸ್ಟೆಪ್ಪರ್ ಎರಡೂ ಕಡೆಗೆ ಪೂರ್ತಿ ಸೇರದ ಕೆಲಸ. ಸ್ಟೆಪ್ಪರ್ ತಿರುಗಿಸುವ ಲೀಡ್‌ಸ್ಕ್ರೂ (ತಂತಿಯನ್ನು ಸರಿಸುವ ಉದ್ದನೆಯ ತಿರುಪು) ಒಂದು ಸುತ್ತಿಗೆ 5 ಮಿಲಿಮೀಟರ್ ಮುಂದೆ ಹೋಗುತ್ತದೆ; ಮೋಟಾರಿಗೆ ಸುತ್ತಿಗೆ 1600 ಮೈಕ್ರೋಸ್ಟೆಪ್ (ಪುಟ್ಟ ಹೆಜ್ಜೆ); ಹಾಗಾದರೆ ಮಿಲಿಮೀಟರಿಗೆ 320. ತಂತಿಯ ದಪ್ಪ 0.5 ಮಿಲಿಮೀಟರ್ ಆದರೆ ಸ್ಪಿಂಡಲ್‌ನ ಪ್ರತಿ ಸುತ್ತಿಗೆ 160 ಸ್ಟೆಪ್, ಪೂರ್ಣ ವೇಗದಲ್ಲಿ ಸೆಕೆಂಡಿಗೆ 8000. ಈ ಅನುಪಾತ ಸ್ಪಿಂಡಲ್ ವೇಗ ಹೇಗೇ ಏರಿಳಿದರೂ ತಪ್ಪಬಾರದು, ಮತ್ತು ತಂತಿಯ ಗೇಜ್ ಬದಲಾದಾಗಲೆಲ್ಲ ಬದಲಾಗಬೇಕು. ಇಲ್ಲಿ ತರ್ಕ ಬದಲಾಗುತ್ತಲೇ ಇರುವುದರಿಂದ ಸಾಫ್ಟ್‌ವೇರ್ ಬೇಕು. ಸಮಯ ತಪ್ಪಬಾರದು ಎಂಬ ಕಾರಣಕ್ಕೆ ಹಾರ್ಡ್‌ವೇರ್ ನೆರವೂ ಬೇಕು.

ನಾನು ಮಾಡಿದ್ದು ಹೀಗೆ. ಇನ್ನೊಂದು ಟೈಮರ್ ಪ್ರತಿ 25 ಮೈಕ್ರೋಸೆಕೆಂಡಿಗೆ, ಅತಿ ಹೆಚ್ಚಿನ ಆದ್ಯತೆಯ ಇಂಟರಪ್ಟ್ ಕೊಡುತ್ತದೆ. ಅದರಲ್ಲಿ ಎನ್‌ಕೋಡರ್ ಕೌಂಟರ್ ಎಷ್ಟು ಮುಂದೆ ಹೋಗಿದೆ ಎಂದು ಓದಿ, ಅಷ್ಟನ್ನು 160ರಿಂದ ಗುಣಿಸಿ, ಒಂದು ಮೊತ್ತಕ್ಕೆ ಸೇರಿಸುತ್ತೇನೆ; ಮೊತ್ತ 2400 ದಾಟಿದರೆ 2400 ಕಳೆದು ಒಂದು ಸ್ಟೆಪ್ ಪಲ್ಸ್ ಕೊಡುತ್ತೇನೆ. ಇನಾಮಲ್ ಲೇಪನ ಸೇರಿ ದಪ್ಪ 0.56 ಆದರೆ 160ರ ಜಾಗದಲ್ಲಿ 179.2 ಬರುತ್ತದೆ, ಎರಡೂ ಅಂಕಿಗಳನ್ನು ಹತ್ತರಿಂದ ಗುಣಿಸಿಟ್ಟರೆ ದಶಮಾಂಶದ ಗೊಡವೆ ಇಲ್ಲ, ಸಾವಿರ ಸುತ್ತಿನ ಕೊನೆಯಲ್ಲಿಯೂ ಒಂದು ಸ್ಟೆಪ್ ಆಚೀಚೆ ಆಗುವುದಿಲ್ಲ. ಪಲ್ಸ್ 25 ಮೈಕ್ರೋಸೆಕೆಂಡ್‌ವರೆಗೆ ಹಿಂದೆಮುಂದೆ ಆಗಬಹುದು. ಸ್ಟೆಪ್‌ಗಳ ಅಂತರ 125 ಇರುವಾಗ, ಮೋಟಾರಿನ ಜಡತ್ವ ಅದನ್ನು ನುಂಗಿಕೊಳ್ಳುತ್ತದೆ.

ಈ ನಡುದಾರಿಗೆಂದೇ ಮಾಡಿದ ಹಾರ್ಡ್‌ವೇರ್ ಕೂಡ ಈಗ ಸಿಗುತ್ತದೆ. 2021ರ ಜನವರಿಯಲ್ಲಿ ರಾಸ್ಪ್‌ಬೆರಿ ಪೈ ಪಿಕೊ ಜೊತೆ ಬಂದ ಆರ್‌ಪಿ2040 ಚಿಪ್‌ನಲ್ಲಿ ಪಿಐಒ ಎಂಬ ಎರಡು ಘಟಕಗಳಿವೆ. ಒಂದೊಂದರಲ್ಲಿ ನಾಲ್ಕು ಪುಟ್ಟ ಸ್ಟೇಟ್ ಮಶೀನ್‌ಗಳು (ತಮ್ಮದೇ ಚಿಕ್ಕ ಪ್ರೋಗ್ರಾಮ್ ಓಡಿಸುವ ಘಟಕಗಳು), ನಾಲ್ಕಕ್ಕೂ ಸೇರಿ 32 ಸೂಚನೆಗಳ ಜಾಗ. ಪಿನ್‌ಗಳನ್ನು ಸೈಕಲ್ ಲೆಕ್ಕದಲ್ಲಿ ಆಡಿಸುವ ಕೆಲಸಕ್ಕೆ ಅಷ್ಟು ಸಾಕು. ಡಬ್ಲ್ಯೂಎಸ್2812 ಬಣ್ಣದ ಎಲ್‌ಇಡಿಗೆ ಬೇಕಾದ 1.25 ಮೈಕ್ರೋಸೆಕೆಂಡ್‌ನ ಬಿಟ್‌ಗಳನ್ನು ಅದು ಪ್ರೊಸೆಸರನ್ನು ಕೇಳದೆಯೇ ಹೊರಡಿಸುತ್ತದೆ. ಎಫ್‌ಪಿಜಿಎ, ಅಂದರೆ ಒಳಗಿನ ಸರ್ಕ್ಯೂಟನ್ನೇ ನಮಗೆ ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಚಿಪ್, ನಮ್ಮ ಯಂತ್ರಕ್ಕೆ ಬೇಕಿಲ್ಲ. ಹತ್ತಾರು ಎನ್‌ಕೋಡರ್‌ಗಳನ್ನು ಒಟ್ಟಿಗೆ ಓದುವ, ಅಥವಾ ಮೈಕ್ರೋಸೆಕೆಂಡ್‌ಗಿಂತ ಕೆಳಗಿನ ತೀರ್ಮಾನಗಳು ಹಲವು ಒಟ್ಟಿಗೆ ಬರುವ ಕೆಲಸವಿದ್ದರೆ ಮಾತ್ರ ಆ ಕಡೆ ನೋಡಿ.

ಹಂತ 7: ಉಳಿದುದನ್ನೆಲ್ಲ ಧೈರ್ಯವಾಗಿ ಸಾಫ್ಟ್‌ವೇರ್‌ಗೆ ಬಿಡಿ

ಕೀಪ್ಯಾಡ್, ಡಿಸ್‌ಪ್ಲೇ, ಯಾವ ಬಾಬಿನ್‌ಗೆ ಎಷ್ಟು ಸುತ್ತು ಎಂಬ ನೆನಪು, ಕೊನೆಯ ಹತ್ತು ಸುತ್ತುಗಳಲ್ಲಿ ವೇಗ ಇಳಿಸುವ ರೀತಿ, ಇವೆಲ್ಲ ಪ್ರೋಗ್ರಾಮಿನವೇ. ಮನುಷ್ಯನ ಬೆರಳಿಗೆ 20 ಮಿಲಿಸೆಕೆಂಡ್ ತಡ ಗೊತ್ತಾಗುವುದಿಲ್ಲ. 5 ಮಿಲಿಸೆಕೆಂಡಿಗೊಮ್ಮೆ ಕೀಲಿಯನ್ನು ಓದಿ ನಾಲ್ಕು ಸಲ ಒಂದೇ ಬಂದರೆ ಒಪ್ಪಿಕೊಳ್ಳುವ ಪ್ರೋಗ್ರಾಮ್ ಹದಿನಾರು ಕೀಲಿಗಳ ಪುಟಿತವನ್ನೂ (ಒಮ್ಮೆ ಒತ್ತಿದರೂ ಕಾಂಟ್ಯಾಕ್ಟ್ ಅಲುಗಿ ಹಲವು ಸಲ ಒತ್ತಿದಂತೆ ಕಾಣುವುದನ್ನು) ತಡೆಯುತ್ತದೆ, ಅದಕ್ಕಾಗಿ ಹದಿನಾರು ಕೆಪಾಸಿಟರ್ ಬೆಸೆಯುವುದು ವ್ಯರ್ಥ. ಪೆಡಲ್ ಮಾತ್ರ ಬೇರೆ. ಅದರ ಕೇಬಲ್ ಎರಡು ಮೀಟರ್ ಉದ್ದ, ನೆಲದ ಮೇಲೆ ಮೋಟಾರ್ ವೈರ್ ಜೊತೆ ಮಲಗಿರುತ್ತದೆ. ಅದಕ್ಕೆ ರೆಸಿಸ್ಟರ್, ಕೆಪಾಸಿಟರ್ ಮತ್ತು 74ಎಚ್‌ಸಿ14ರ (ಅಲುಗುವ ಸಂಕೇತವನ್ನು ನೇರ್ಪಡಿಸುವ ಐಸಿಯ) ಒಂದು ಗೇಟ್ ಹಾಕಿದ್ದೇನೆ, ಪುಟಿತಕ್ಕಿಂತ ಹೆಚ್ಚಾಗಿ ಚಿಪ್‌ನ ಪಿನ್ ಕೆಡದೆ ಉಳಿಯಲಿ ಎಂದು.

ಹಾರ್ಡ್‌ವೇರ್‌ಗೆ ಒಯ್ದುದಕ್ಕೆಲ್ಲ ಒಂದು ಬೆಲೆ ಇದ್ದೇ ಇದೆ. ಟೈಮರ್ 1ರ ಬ್ರೇಕ್ ಇನ್‌ಪುಟ್ಟನ್ನು ನಂಬಿದ ದಿನದಿಂದ ನೀವು ಆ ಚಿಪ್‌ಗೆ ಕಟ್ಟುಬಿದ್ದಿರಿ. 2021ರ ಚಿಪ್ ಬರದಲ್ಲಿ ಬದಲಿ ಹುಡುಕಿದವರಿಗೆ ಇದರ ಬಿಸಿ ಗೊತ್ತು. ಎನ್‌ಕೋಡರ್ ವೈರನ್ನು ತಪ್ಪು ಪಿನ್‌ಗೆ ಎಳೆದ ಬೋರ್ಡನ್ನು ಪ್ರೋಗ್ರಾಮ್ ಸರಿಪಡಿಸಲಾರದು. ಹಾಗಾಗಿ ಬೋರ್ಡ್ ಬರೆಯುವ ಮೊದಲೇ ಪಿನ್‌ಗಳ ಹಂಚಿಕೆ ಮುಗಿಯಬೇಕು: ಮೊದಲು ಬ್ರೇಕ್ ಇನ್‌ಪುಟ್ ಮತ್ತು ಜೋಡಿ ಔಟ್‌ಪುಟ್, ಆಮೇಲೆ ಎನ್‌ಕೋಡರ್, ಆಮೇಲೆ ಸ್ಟೆಪ್, ಮಿಕ್ಕಿದ್ದರಲ್ಲಿ ಕೀಪ್ಯಾಡ್ ಮತ್ತು ಡಿಸ್‌ಪ್ಲೇ.

ಹಂತ 8: ಬೆರಳಿನ ಪ್ರಶ್ನೆ ಬಂದರೆ ವೈರ್ ಮಾತ್ರ

ಎಮರ್ಜೆನ್ಸಿ ಬಟನ್ ಮತ್ತು ಮುಚ್ಚಳದ ಸ್ವಿಚ್ ಮೈಕ್ರೋಕಂಟ್ರೋಲರ್ ಮೂಲಕ ಹಾದುಹೋಗಬಾರದು. ಎರಡರ ಸಾಮಾನ್ಯವಾಗಿ ಮುಚ್ಚಿರುವ (ಇಲ್ಲಿ ಮುಚ್ಚಿರುವುದೆಂದರೆ ಕೂಡಿಕೊಂಡು ಕರೆಂಟ್ ಹರಿಯಬಿಡುವುದು) ಕಾಂಟ್ಯಾಕ್ಟ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಮೋಟಾರಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್‌ನ (ದೊಡ್ಡ ರಿಲೇಯ) ಕಾಯಿಲಿಗೆ ನೇರ ಕೊಡಬೇಕು. ವೈರ್ ತುಂಡಾದರೂ ಯಂತ್ರ ನಿಲ್ಲುತ್ತದೆ, ಬಟನ್ ಒತ್ತಿದರೂ ನಿಲ್ಲುತ್ತದೆ. ಯಂತ್ರಗಳ ವಿದ್ಯುತ್ ಸುರಕ್ಷತೆಯ ಐಇಸಿ 60204-1 ಮಾನಕವು ಇದನ್ನು ಸ್ಟಾಪ್ ಕ್ಯಾಟಗರಿ 0 ಎನ್ನುತ್ತದೆ. ಚಾಲಕ ಶಕ್ತಿಯನ್ನು ತಕ್ಷಣ ಕಡಿದುಹಾಕುವುದು ಎಂದರ್ಥ. ಕರೆಂಟ್ ಹೋದ ಮೇಲೂ ಸ್ಪಿಂಡಲ್ ಜಡತ್ವದಿಂದ ತಿರುಗುತ್ತಿರುತ್ತದೆಯಲ್ಲ? ಕಾಂಟ್ಯಾಕ್ಟರ್ ಬಿಟ್ಟಾಗ ಮುಚ್ಚಿಕೊಳ್ಳುವ ಇನ್ನೊಂದು ಕಾಂಟ್ಯಾಕ್ಟ್ ಮೂಲಕ ಮೋಟಾರಿನ ಎರಡು ತುದಿಗಳ ನಡುವೆ ದಪ್ಪ ರೆಸಿಸ್ಟರ್ ಒಂದನ್ನು ತನ್ನಿ. ಮೋಟಾರ್ ತಾನೇ ಜನರೇಟರ್ ಆಗಿ ತನ್ನ ವೇಗವನ್ನು ಆ ರೆಸಿಸ್ಟರ್‌ನಲ್ಲಿ ಕಳೆದುಕೊಳ್ಳುತ್ತದೆ. ಬಟನ್ನಿನ ಇನ್ನೊಂದು ಕಾಂಟ್ಯಾಕ್ಟನ್ನು ಮೈಕ್ರೋಕಂಟ್ರೋಲರ್‌ಗೂ ಕೊಡಿ, ಆದರೆ ಸುದ್ದಿ ತಿಳಿಯಲಿಕ್ಕೆ ಮಾತ್ರ.

ಇದು ಅತಿಯಾದ ಎಚ್ಚರಿಕೆ ಎನಿಸಿದರೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಚರಿತ್ರೆಯನ್ನು ಓದಬೇಕು. ಅದಕ್ಕಿಂತ ಹಿಂದಿನ ಥೆರಾಕ್-20ರಲ್ಲಿ ಸ್ವತಂತ್ರ ಹಾರ್ಡ್‌ವೇರ್ ಇಂಟರ್‌ಲಾಕ್‌ಗಳಿದ್ದವು. 25ರಲ್ಲಿ ಆ ಹೊಣೆಯನ್ನು ಬಹುಪಾಲು ಸಾಫ್ಟ್‌ವೇರ್‌ಗೆ ವಹಿಸಲಾಯಿತು. 1985ರ ಜೂನ್‌ನಿಂದ 1987ರ ಜನವರಿಯವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು, ಕೆಲವರು ಸತ್ತರು. ಆ ದೋಷಗಳಲ್ಲಿ ಒಂದು ನಮ್ಮ ವೃತ್ತಿಯವರಿಗೆ ಚಿರಪರಿಚಿತ. ಪರಿಶೀಲನೆ ಬೇಕು ಎಂದು ಸೂಚಿಸುವ ಒಂದು ಬೈಟಿನ ಗುರುತಿಗೆ, ಸೊನ್ನೆಯಲ್ಲದ ಒಂದು ನಿಶ್ಚಿತ ಬೆಲೆ ಬರೆಯುವ ಬದಲು, ಪ್ರತಿ ಸಲವೂ ಒಂದು ಕೂಡಿಸಲಾಗುತ್ತಿತ್ತು. 256ನೇ ಸಲಕ್ಕೆ ಅದು ಸೊನ್ನೆಯಾಗಿ, ಪರಿಶೀಲನೆ ಬೇಡ ಎಂದು ಹೇಳುತ್ತಿತ್ತು. ಥೆರಾಕ್-20ರ ಸಾಫ್ಟ್‌ವೇರ್‌ನಲ್ಲಿಯೂ ದೋಷಗಳಿದ್ದವು ಎಂಬುದು ಆಮೇಲೆ ಗೊತ್ತಾಯಿತು. ಅಲ್ಲಿ ಇಂಟರ್‌ಲಾಕ್‌ಗಳು ಅಡ್ಡ ಬರುತ್ತಿದ್ದುದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಹಂತ 9: ಪ್ರೊಸೆಸರನ್ನು ಬೇಕೆಂದೇ ನಿಲ್ಲಿಸಿ ನೋಡಿ

ಮೊದಲ ಹಂತದ ಮೂರನೇ ಪ್ರಶ್ನೆಗೆ ಬರೆದಿಟ್ಟ ಉತ್ತರಗಳನ್ನು ಈಗ ಪರೀಕ್ಷಿಸಬೇಕು. ಮೋಟಾರ್ ಅರ್ಧ ವೇಗದಲ್ಲಿ ಓಡುತ್ತಿರುವಾಗ ಡಿಬಗರ್‌ನಿಂದ (ಪ್ರೋಗ್ರಾಮ್ ಓಡುವುದನ್ನು ತಡೆದು ಪರಿಶೀಲಿಸುವ ಸಾಧನದಿಂದ) ಪ್ರೊಸೆಸರನ್ನು ನಿಲ್ಲಿಸಿ. ಮೊದಲ ಸಲ ಇದನ್ನು ಮಾಡಿದವರು ಬೆಚ್ಚುತ್ತಾರೆ: ಮೋಟಾರ್ ನಿಲ್ಲುವುದಿಲ್ಲ. ಟೈಮರ್ ಪ್ರೊಸೆಸರ್‌ನ ಹಂಗಿಲ್ಲದೆ ಓಡುತ್ತದೆಂದು ನಾವು ಮೆಚ್ಚಿಕೊಂಡೆವಲ್ಲ, ಈಗಲೂ ಅದು ಕೊನೆಗೆ ಹೇಳಿದ ಪಿಡಬ್ಲ್ಯೂಎಂ ಅನ್ನೇ ನಿಷ್ಠೆಯಿಂದ ಕೊಡುತ್ತಿದೆ. ಡಿಬಗರ್ ನಿಲ್ಲಿಸಿದಾಗ ಟೈಮರನ್ನೂ ನಿಲ್ಲಿಸುವ ಬಿಟ್ ಇದೆ, ಆದರೆ ಅದು ಮೇಜಿನ ಮೇಲಿನ ಅನುಕೂಲ. ವರ್ಕ್‌ಶಾಪಿನಲ್ಲಿ ಪ್ರೋಗ್ರಾಮ್ ಸಿಕ್ಕಿಬಿದ್ದರೆ ಅಲ್ಲಿ ಡಿಬಗರ್ ಇರುವುದಿಲ್ಲ.

ಅದಕ್ಕೆ ವಾಚ್‌ಡಾಗ್ (ಪ್ರೋಗ್ರಾಮ್ ಆಗಾಗ ಬಂದು ಸೂಚನೆ ಕೊಡದಿದ್ದರೆ, ಅಂದರೆ ಅನ್ನ ಹಾಕದಿದ್ದರೆ, ಚಿಪ್ಪನ್ನು ರೀಸೆಟ್ ಮಾಡುವ ಟೈಮರ್) ಬೇಕು, ಅದೂ ತನ್ನದೇ ಗಡಿಯಾರ ಇರುವಂಥದ್ದು. ಈ ಚಿಪ್‌ನ ಸ್ವತಂತ್ರ ವಾಚ್‌ಡಾಗ್‌ನ ಗಡಿಯಾರ ಹೆಸರಿಗೆ 40 ಕಿಲೋಹರ್ಟ್ಸ್. 30ರಿಂದ 60ರವರೆಗೆ ಎಲ್ಲಿಯೂ ಇರಬಹುದು. 100 ಮಿಲಿಸೆಕೆಂಡ್ ಎಂದು ಬರೆದದ್ದು 67 ಆಗಬಹುದು, 133 ಆಗಬಹುದು. ಎರಡೂ ತುದಿಗಳಲ್ಲಿ ನಿಮ್ಮ ಪ್ರೋಗ್ರಾಮ್ ಸರಿಯಿರಬೇಕು. ವಾಚ್‌ಡಾಗಿಗೆ ಅನ್ನ ಹಾಕುವುದು ಮುಖ್ಯ ಲೂಪಿನಿಂದಲೇ ಆಗಲಿ. ಟೈಮರ್ ಇಂಟರಪ್ಟ್‌ನಿಂದ ಹಾಕಿದರೆ, ಮುಖ್ಯ ಲೂಪ್ ಸತ್ತು ಬಿದ್ದಿದ್ದರೂ ಇಂಟರಪ್ಟ್ ಅನ್ನ ಹಾಕುತ್ತಲೇ ಇರುತ್ತದೆ. ರೀಸೆಟ್ ಆದಾಗ ಈ ಚಿಪ್‌ನ ಪಿನ್‌ಗಳು ಯಾವ ಕಡೆಗೂ ಎಳೆಯದೆ ತೇಲುತ್ತವೆ. ಆದುದರಿಂದ ಗೇಟ್ ಡ್ರೈವರ್‌ನ ಇನ್‌ಪುಟ್‌ಗಳಿಗೆ 10 ಕಿಲೋಓಮ್ ರೆಸಿಸ್ಟರ್‌ಗಳನ್ನು ಹಾಕಿ, ಮಾಸ್‌ಫೆಟ್ ಮುಚ್ಚಿರುವ ಕಡೆಗೆ ಎಳೆದಿಡಿ. ಹೊಸ ಪ್ರೋಗ್ರಾಮ್ ತುಂಬುತ್ತಿರುವಾಗಲೂ ಇದೇ ಸ್ಥಿತಿ ಇರುತ್ತದೆ ಎಂಬುದನ್ನು ಮರೆಯಬೇಡಿ.

ಕೊನೆಯ ಪರೀಕ್ಷೆ ಎಣಿಕೆಯದು. ಎನ್‌ಕೋಡರ್‌ನಲ್ಲಿ ಸುತ್ತಿಗೊಮ್ಮೆ ಬರುವ ಝಡ್ ಎಂಬ ಪಲ್ಸ್ ಇದ್ದರೆ ಅದನ್ನು ಮೂರನೇ ಚಾನೆಲ್‌ಗೆ ಕೊಟ್ಟು, ಪ್ರತಿ ಸಲ ಬಂದಾಗ ಕೌಂಟರ್ ಎಷ್ಟಿತ್ತೆಂದು ಟೈಮರ್‌ನಿಂದಲೇ ಹಿಡಿದಿಟ್ಟುಕೊಳ್ಳಿ. ಎರಡು ಝಡ್‌ಗಳ ನಡುವಿನ ವ್ಯತ್ಯಾಸ ಪ್ರತಿ ಸಲವೂ 2400 ಬರಬೇಕು. ಬರದಿದ್ದರೆ ಪ್ರೋಗ್ರಾಮ್ ಯಂತ್ರವನ್ನು ನಿಲ್ಲಿಸಿ ದೂರಬೇಕು. ಎರಡನೇ ಬೋರ್ಡನ್ನು ವರ್ಕ್‌ಶಾಪಿಗೆ ಒಯ್ದ ದಿನ ನಾನು ಸ್ಪಿಂಡಲ್ ಮೇಲೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆದು, ಡಿಸ್‌ಪ್ಲೇಯನ್ನು ಸೆಕೆಂಡಿಗೆ ಐವತ್ತು ಸಲ ಬರೆಯುವಂತೆ ಬೇಕೆಂದೇ ಹೆಚ್ಚಿಸಿ, ನಿಮಿಷಕ್ಕೆ 3000ದಲ್ಲಿ ಸಾವಿರ ಸುತ್ತು ಓಡಿಸಿದೆ. ಗೆರೆ ಹೊರಟ ಜಾಗಕ್ಕೇ ಬಂದು ನಿಂತಿತು. ಆ ಹಿರಿಯರು ಆದರೂ ಕಾಯಿಲನ್ನು ತೆಗೆದುಕೊಂಡು ಹೋಗಿ ಕೈಯಂತ್ರಕ್ಕೆ ಸಿಕ್ಕಿಸಿದರು.